ನೀರಿಗಿಳಿಯುವ ಮುನ್ನ: ಸ್ಕೂಬಾ ಸಾಮಾನು ಜೋಡಿಸೋದು ಹೇಗೆ, ಚೊಕ್ಕ ಮಾಡೋದು ಯಾಕೆ?

ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಟ್ರಿಪ್ ಪಟ್ಟಿಗೆ ಈಗ ಗೋಕರ್ಣ, ಚಿಕ್ಕಮಗಳೂರಿನ ಜೊತೆ ನೇತ್ರಾಣಿಯೂ ಸೇರಿಕೊಂಡಿದೆ. ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬಿ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪ ಅದು. ಸುತ್ತ ಹವಳ, ಬಣ್ಣಬಣ್ಣದ ಮೀನು. ಮೊದಲ ಸಲ ಹೋದವರಿಗೆ ಅಲ್ಲಿನ ಸಿಬ್ಬಂದಿಯೇ ಸಾಮಾನು ತೊಡಿಸಿ, ಕೈ ಹಿಡಿದು ಒಳಗೆ ಕರೆದೊಯ್ಯುತ್ತಾರೆ. ಫೋಟೋ ಬರುತ್ತದೆ, ಸ್ಟೇಟಸ್ ಬೀಳುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ.

ಆದರೆ ಎಂಜಿನಿಯರಿಂಗ್ ಓದೋರಿಗೆ ಅಷ್ಟಕ್ಕೇ ಸಮಾಧಾನ ಆಗಬಾರದು. ಬೆನ್ನಿಗೆ ಕಟ್ಟಿದ ಆ ಸಿಲಿಂಡರು, ನಾಲ್ಕು ದಿಕ್ಕಿಗೆ ಹೊರಟ ಆ ಪೈಪುಗಳು, ಸೊಂಟದ ಸೀಸದ ಬೆಲ್ಟು, ಇವೆಲ್ಲ ಅಲ್ಲಲ್ಲೇ ಯಾಕಿವೆ? ಒಂದು ಪೈಪು ಬಲಕ್ಕೆ, ಇನ್ನೊಂದು ಎಡಕ್ಕೆ ಯಾಕೆ? ನುರಿತ ಡೈವರ್‌ಗಳು ಒಂದೊಂದು ಕ್ಲಿಪ್ಪಿನ ಜಾಗಕ್ಕೂ ಗಂಟೆಗಟ್ಟಲೆ ವಾದ ಮಾಡೋದು ಯಾಕೆ? ಇದಕ್ಕೆಲ್ಲ ಉತ್ತರ ನಮ್ಮ ಮೊದಲ ವರ್ಷದ ಫಿಸಿಕ್ಸ್ ಮತ್ತು ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ಸ್ವಲ್ಪ ಬಿಚ್ಚಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಓದಿ ಯಾರೂ ತಾವಾಗೇ ನೀರಿಗೆ ಇಳಿಯುವಂತಿಲ್ಲ. ತರಬೇತಿ ಬೇಕೇ ಬೇಕು. ಇದು ತರಬೇತಿಗೆ ಹೋದಾಗ ಅಲ್ಲಿ ಹೇಳೋದು ಅರ್ಥವಾಗಲಿ ಅಂತ ಬರೆದದ್ದು.

ಬೆನ್ನ ಮೇಲೆ ಇರೋದೇನು?

ಎಲ್ಲೆಡೆ ಹೆಚ್ಚಾಗಿ ಸಿಗೋದು ಅಲ್ಯುಮಿನಿಯಂ ಸಿಲಿಂಡರ್. ಒಳಗಿನ ಜಾಗ ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿರೋದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯೇ, ತೇವ ತೆಗೆದು ಸೋಸಿದ್ದು. 11 ಲೀಟರ್ ಗುಣಿಸು 200 ಅಂದ್ರೆ ಹೊರಗಿನ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಹಾಗಾಗಿ ಒಳಗಿರುವ ಗಾಳಿಯ ತೂಕವೇ ಎರಡೂವರೆ ಕೆ.ಜಿ.ಗಿಂತ ಹೆಚ್ಚು. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

200 ಬಾರ್ ಗಾಳಿಯನ್ನು ನೇರ ಬಾಯಿಗೆ ಬಿಡೋಕೆ ಆಗಲ್ಲ. ಅದನ್ನು ಇಳಿಸೋದು ರೆಗ್ಯುಲೇಟರ್, ಎರಡು ಹಂತದಲ್ಲಿ. ಸಿಲಿಂಡರಿನ ಕುತ್ತಿಗೆಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚು ಅನ್ನುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನು ಸುತ್ತಲಿನ ಒತ್ತಡಕ್ಕೇ ಇಳಿಸಿ, ನೀವು ಎಳೆದಾಗ ಮಾತ್ರ ಕೊಡುತ್ತದೆ. ಬೇಡಿಕೆ ಇದ್ದಾಗ ಮಾತ್ರ ಪೂರೈಕೆ. ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ 1943ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಆಕ್ವಾಲಂಗ್‌ನ ಜೀವಾಳವೂ ಇದೇ.

ಫಸ್ಟ್ ಸ್ಟೇಜಿನಿಂದ ಸಾಮಾನ್ಯವಾಗಿ ನಾಲ್ಕು ಪೈಪು ಹೊರಡುತ್ತವೆ: ನಿಮ್ಮ ಬಾಯಿಗೆ ಒಂದು, ಆಪತ್ತಿನಲ್ಲಿ ಜೊತೆಗಾರನಿಗೆ ಕೊಡಲು ಹಳದಿ ಬಣ್ಣದ ಆಕ್ಟೋಪಸ್ ಒಂದು, ಬಿಸಿಡಿ ಜಾಕೆಟ್ಟಿಗೆ ಗಾಳಿ ತುಂಬಲು ಒಂದು, ಒತ್ತಡದ ಮೀಟರಿಗೆ ಒಂದು. ಈ ನಾಲ್ಕರ ಜಾಗ ಸರಿಯಾದರೆ ಅರ್ಧ ಕೆಲಸ ಮುಗಿದಂತೆ.

ಜೋಡಿಸುವ ಕ್ರಮ

ಲ್ಯಾಬಲ್ಲಿ ಸರ್ಕ್ಯೂಟ್ ಕಟ್ಟುವಾಗ ಹೇಗೆ ಸಪ್ಲೈ ಕೊನೆಗೆ ಕೊಡುತ್ತೇವೋ, ಇಲ್ಲೂ ಹಾಗೇ. ಕ್ರಮ ತಪ್ಪಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಲ್ಲ.

ಮೊದಲು ಬಿಸಿಡಿ. ಅದರ ಪಟ್ಟಿಯನ್ನು ನೀರಲ್ಲಿ ನೆನೆಸಿಯೇ ಸಿಲಿಂಡರಿಗೆ ಬಿಗಿಯಬೇಕು. ನೈಲಾನ್ ಪಟ್ಟಿ ಒದ್ದೆಯಾದಾಗ ಸಡಿಲವಾಗುತ್ತದೆ. ಒಣಗಿದ್ದಾಗ ಬಿಗಿದರೆ ನೀರೊಳಗೆ ಸಿಲಿಂಡರ್ ಜಾರುತ್ತದೆ. ಬಿಗಿದ ಮೇಲೆ ಜಾಕೆಟ್ ಹಿಡಿದು ಮೇಲೆತ್ತಿ ಅಲ್ಲಾಡಿಸಿ. ಸಿಲಿಂಡರ್ ಕದಲಬಾರದು. ಎತ್ತರವೂ ಮುಖ್ಯ: ತೀರಾ ಮೇಲಿದ್ದರೆ ತಲೆ ಎತ್ತಿದಾಗ ವಾಲ್ವು ಬಡಿಯುತ್ತದೆ, ತೀರಾ ಕೆಳಗಿದ್ದರೆ ತೂಕ ಕಾಲಿನ ಕಡೆ ಹೋಗುತ್ತದೆ.

ಆಮೇಲೆ ಓ-ರಿಂಗ್. ಕೆಲವೇ ರೂಪಾಯಿಯ ರಬ್ಬರ್ ಬಳೆ. ಸೀಳು, ಮರಳು, ಕೂದಲು ಇದೆಯಾ ನೋಡಿ. 200 ಬಾರ್ ಅಂದ್ರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಕೆ.ಜಿ. ತೂಕದಷ್ಟು ಒತ್ತಡ. ಅದನ್ನು ತಡೆದು ನಿಲ್ಲಿಸೋದು ಈ ಬಳೆ. ರೆಗ್ಯುಲೇಟರ್ ಕೂರಿಸುವ ವಿಧಾನ ಎರಡು: ಹೊರಗಿನಿಂದ ಹಿಡಿಕೆ ಹಾಕಿ ಬಿಗಿಯುವ ಯೋಕ್, ವಾಲ್ವಿನೊಳಗೇ ತಿರುಗಿಸಿ ಕೂರಿಸುವ ಡಿನ್. ಡಿನ್‌ನಲ್ಲಿ ಓ-ರಿಂಗ್ ಎಲ್ಲ ಕಡೆಯಿಂದ ಬಂಧಿಯಾಗಿರುವುದರಿಂದ ಪೆಟ್ಟು ಬಿದ್ದರೂ ಹೊರಗೆ ಹಾರುವ ಸಂಭವ ಕಡಿಮೆ.

ರೆಗ್ಯುಲೇಟರ್ ಕೂರಿಸುವಾಗ ಬಾಯಿಗೆ ಬರುವ ಪೈಪು ಬಲ ಭುಜದ ಮೇಲೆ, ಜಾಕೆಟ್ಟಿಗೆ ಗಾಳಿ ಕೊಡುವ ಪೈಪು ಎಡ ಭುಜದ ಮೇಲೆ. ಇದು ಎಲ್ಲರಿಗೂ ಒಂದೇ. ಯಾಕಂದ್ರೆ ಆಪತ್ತಿನಲ್ಲಿ ನಿಮ್ಮ ಸಾಮಾನನ್ನು ಮುಟ್ಟೋದು ಬೇರೆಯವರ ಕೈ. ಎಲ್ಲರ ಮನೆಯಲ್ಲೂ ಉಪ್ಪಿನ ಡಬ್ಬಿ ಒಂದೇ ಕಡೆ ಇದ್ದ ಹಾಗೆ.

ಈಗ ಗಾಳಿ ಬಿಡೋದು. ಮೀಟರಿನ ಗಾಜನ್ನು ನಿಮ್ಮ ಮುಖದಿಂದ, ಬೇರೆಯವರ ಮುಖದಿಂದಲೂ ಆಚೆ ತಿರುಗಿಸಿ, ವಾಲ್ವನ್ನು ನಿಧಾನ ತೆರೆಯಿರಿ. ಬಳಿಕ ಪೂರ್ತಿ ತೆರೆಯಿರಿ. ಹಿಂದೆ "ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ" ಅಂತ ಹೇಳಿಕೊಡುತ್ತಿದ್ದರು. ತೊಂದರೆ ಏನಂದ್ರೆ, ದಿಕ್ಕು ಮರೆತವನು ಪೂರ್ತಿ ಮುಚ್ಚಿ ಕಾಲು ಸುತ್ತು ತೆರೆದುಬಿಡಬಹುದು. ದೋಣಿ ಮೇಲೆ ಅದು ಗೊತ್ತೇ ಆಗಲ್ಲ, ಉಸಿರು ಸರಾಗ ಬರುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ 3 ಬಾರ್. ಅಲ್ಲಿ ಒಂದೊಂದು ಉಸಿರಿಗೂ ಮೂರು ಪಟ್ಟು ಗಾಳಿ ಅದೇ ಸಣ್ಣ ಸಂದಿಯಿಂದ ಬರಬೇಕು. ಬರಲ್ಲ. ಮೇಲೆ ಪಾಸ್, ಕೆಳಗೆ ಫೇಲ್.

ಇದನ್ನು ಹಿಡಿಯೋ ಪರೀಕ್ಷೆ ಸುಲಭ. ಮೀಟರ್ ನೋಡುತ್ತಾ ನಾಲ್ಕೈದು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ನಿಂತಲ್ಲೇ ನಿಂತರೆ ಸರಿ. ಎಳೆದಾಗಲೆಲ್ಲ ಕೆಳಗೆ ಬಿದ್ದು ಮತ್ತೆ ಏರಿದರೆ ವಾಲ್ವು ಅರ್ಧ ಮಾತ್ರ ತೆರೆದಿದೆ. ಬಿದ್ದು ಮೇಲೇಳದಿದ್ದರೆ ಮುಚ್ಚಿದೆ. ಗಾಳಿಗೆ ಎಣ್ಣೆಯ ವಾಸನೆಯೋ ಹೊಗೆಯ ರುಚಿಯೋ ಇದ್ದರೆ ಆ ಸಿಲಿಂಡರ್ ಬೇಡ ಅನ್ನಿ, ನಾಚಿಕೆ ಬೇಡ. ಕೊನೆಗೆ ಜಾಕೆಟ್ ಉಬ್ಬಿಸಿ, ಸೋರಿಕೆ ಇದೆಯಾ ಕೇಳಿ, ಪೂರ್ತಿ ಖಾಲಿ ಮಾಡಿ, ಸಿಲಿಂಡರನ್ನು ಮಲಗಿಸಿಡಿ. ಅಲುಗಾಡುವ ದೋಣಿಯಲ್ಲಿ ನಿಲ್ಲಿಸಿದ ಸಿಲಿಂಡರ್ ಯಾರದೋ ಕಾಲ ಮೇಲೆ ಬೀಳೋಕೆ ಕಾಯ್ತಾ ಇರುತ್ತದೆ.

ಚೊಕ್ಕ ಯಾಕೆ? ಡ್ರ್ಯಾಗ್‌ನ ಲೆಕ್ಕ

ಜೋಡಿಸಿದ್ದಾಯ್ತು. ಇನ್ನು ಚೊಕ್ಕ ಮಾಡೋದು. ಅಂದ್ರೆ ಏನೂ ಜೋತಾಡದ ಹಾಗೆ, ಏನೂ ಹೊರಗೆ ಚಾಚದ ಹಾಗೆ ಮೈಗೆ ಒತ್ತಿಕೊಂಡಿರುವಂತೆ ಮಾಡೋದು.

ಡ್ರ್ಯಾಗ್ ಬಲ ದ್ರವದ ಸಾಂದ್ರತೆ, ಎದುರಿನ ವಿಸ್ತೀರ್ಣ, ಆಕಾರದ ಗುಣಾಂಕ ಮತ್ತು ವೇಗದ ವರ್ಗಕ್ಕೆ ಅನುಗುಣ. ಸಮುದ್ರದ ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ. ಬಲಕ್ಕೆ ವೇಗ ಗುಣಿಸಿದರೆ ಶಕ್ತಿ. ಅಂದ್ರೆ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗ ಎರಡರಷ್ಟು ಮಾಡಬೇಕಾದರೆ ಎಂಟರಷ್ಟು ದುಡಿಯಬೇಕು. ಆ ದುಡಿಮೆಗೆ ಬೇಕಾದ ಆಕ್ಸಿಜನ್ ಬರೋದು ಬೆನ್ನ ಮೇಲಿನ ಅದೇ 2,200 ಲೀಟರಿನಿಂದ. ಹಾಗಾಗಿ ಜಾಣ ಡೈವರ್ ವೇಗ ಹೆಚ್ಚಿಸಲ್ಲ, ಎದುರಿನ ವಿಸ್ತೀರ್ಣ ಇಳಿಸ್ತಾನೆ.

ಒರಟು ಲೆಕ್ಕ ಹಾಕಿ. ನೀರಲ್ಲಿ ಅಡ್ಡ ಮಲಗಿದಂತೆ ಈಜುವವನ ಎದುರು ವಿಸ್ತೀರ್ಣ, ಭುಜದ ಅಗಲ 0.5 ಮೀಟರ್, ಎದೆ ಮತ್ತು ಸಿಲಿಂಡರ್ ಸೇರಿ 0.4 ಮೀಟರ್ ಅಂದರೆ, 0.2 ಚದರ ಮೀಟರ್. ಅವನೇ ಕಾಲು ಕೆಳಗೆ ಬಿಟ್ಟು 30 ಡಿಗ್ರಿ ಓರೆಯಾದರೆ, 1.8 ಮೀಟರ್ ಉದ್ದದ ಅರ್ಧ ಎದುರಿಗೆ ಬರುತ್ತದೆ. ಎಲ್ಲ ಸೇರಿ 0.6ರ ಆಸುಪಾಸು. ಮೂರು ಪಟ್ಟು! ಜೋತಾಡುವ ಮೀಟರು, ಕ್ಯಾಮೆರಾ, ಟಾರ್ಚುಗಳ ಡ್ರ್ಯಾಗ್ ಇದರ ಮೇಲೆ.

ಇದು ಗಾಳಿಯಲ್ಲಿ ಎಷ್ಟಾಗುತ್ತದೆ? ಒಬ್ಬ ಆರಾಮಾಗಿ ನಿಮಿಷಕ್ಕೆ 20 ಲೀಟರ್ ಬಳಸುತ್ತಾನೆ ಅಂದ್ಕೊಳ್ಳಿ. 20 ಮೀಟರ್ ಆಳದಲ್ಲಿ ಅದು 60 ಲೀಟರ್. 200 ಬಾರಿನಿಂದ 50 ಬಾರಿನವರೆಗೆ ಬಳಸಬಹುದಾದ್ದು ಸುಮಾರು 1,650 ಲೀಟರ್. ಸಿಗೋದು ಇಪ್ಪತ್ತೇಳು ನಿಮಿಷ. ಒದ್ದಾಟದಿಂದ ಬಳಕೆ 25 ಲೀಟರಿಗೆ ಏರಿದರೆ ಇಪ್ಪತ್ತೆರಡೇ ನಿಮಿಷ. ಐದು ನಿಮಿಷ ಹೋಯ್ತು, ಅದೂ ಜೋತಾಡುವ ಸಾಮಾನಿಗೆ.

ಸೀಸದ ಲೆಕ್ಕ

ಚೊಕ್ಕತನ ಅಂದ್ರೆ ಬರೀ ಕ್ಲಿಪ್ಪು ಅಂದ್ಕೊಂಡ್ರೆ ತಪ್ಪು. ಮೂಲ ಇರೋದು ಸೊಂಟದ ಸೀಸದಲ್ಲಿ. ಹೊಸಬರಿಗೆ ಬೇಗ ಮುಳುಗಲಿ ಅಂತ ಎರಡು ತುಂಡು ಹೆಚ್ಚಿಗೆ ಹಾಕೋದು ಸಾಮಾನ್ಯ. ಅದರ ಪರಿಣಾಮ ಸರಪಳಿಯಂತೆ ಸಾಗುತ್ತದೆ.

ಬೇಕಾದ್ದಕ್ಕಿಂತ 4 ಕೆ.ಜಿ. ಸೀಸ ಹೆಚ್ಚಿದೆ ಅನ್ನಿ. ಸೀಸವೂ ಸ್ವಲ್ಪ ನೀರು ಸರಿಸುವುದರಿಂದ ನಿವ್ವಳ ಭಾರ ಸುಮಾರು 3.6 ಕೆ.ಜಿ. ತೇಲುವಿಕೆ ಸಮ ಮಾಡಲು ಜಾಕೆಟ್ಟಿಗೆ 3.6 ಲೀಟರ್ ಗಾಳಿ ಹೆಚ್ಚಿಗೆ ತುಂಬಬೇಕು. ಜಾಕೆಟ್ ಉಬ್ಬಿ ವಿಸ್ತೀರ್ಣ ಹೆಚ್ಚಿತು. ಗಾಳಿ ಎದೆಯ ಬಳಿ ಮೇಲಕ್ಕೆ ಎತ್ತುತ್ತದೆ, ಸೀಸ ಸೊಂಟದ ಬಳಿ ಕೆಳಕ್ಕೆ ಜಗ್ಗುತ್ತದೆ. ಮೆಕ್ಯಾನಿಕ್ಸ್‌ನಲ್ಲಿ ಓದಿದ ಕಪಲ್ ಇದೇ. ಮೈ ತಿರುಗಿ ಕಾಲು ಕೆಳಗೆ ಹೋಗುತ್ತದೆ. ಈಗ ಫಿನ್ ಬೀಸಿದರೆ ಮುಂದಕ್ಕೆ ಹೋಗುವ ಬದಲು ಮೇಲಕ್ಕೂ ಏರುತ್ತಾನೆ. ಅದನ್ನು ತಡೆಯಲು ಗಾಳಿ ಬಿಡುತ್ತಾನೆ, ಭಾರವಾಗುತ್ತಾನೆ, ಮುಳುಗದಿರಲು ಮತ್ತೆ ಬೀಸುತ್ತಾನೆ. ಒಂದು ಕ್ಷಣವೂ ವಿಶ್ರಾಂತಿ ಇಲ್ಲ.

ಅಪಾಯ ಇನ್ನೂ ಇದೆ. ಬಾಯ್ಲ್ ನಿಯಮದ ಪ್ರಕಾರ 20 ಮೀಟರಿನಿಂದ 10 ಮೀಟರಿಗೆ ಏರಿದರೆ ಒತ್ತಡ 3 ಬಾರಿನಿಂದ 2 ಬಾರಿಗೆ ಇಳಿದು, ಆ 3.6 ಲೀಟರ್ 5.4 ಲೀಟರ್ ಆಗುತ್ತದೆ. ಅಂದ್ರೆ 1.8 ಕೆ.ಜಿ. ಎತ್ತುವಷ್ಟು ಹೆಚ್ಚುವರಿ ಬಲ. ಗಾಳಿ ಬಿಡದಿದ್ದರೆ ಏರಿಕೆ ಇನ್ನೂ ಜೋರಾಗಿ, ಗಾಳಿ ಇನ್ನೂ ಹಿಗ್ಗಿ, ಬಲೂನಿನ ಹಾಗೆ ಮೇಲೆ ಚಿಮ್ಮುತ್ತಾನೆ. ಕಂಟ್ರೋಲ್ಸ್ ಓದಿದವರು ಇದನ್ನು ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ಆ ಗಾಬರಿಯಲ್ಲಿ ಉಸಿರು ಕಟ್ಟಿ ಹಿಡಿದರೆ ಶ್ವಾಸಕೋಶವೂ ಹೀಗೇ ಹಿಗ್ಗಿ ಹರಿಯಬಹುದು. ಸ್ಕೂಬಾದ ಮೊದಲ ನಿಯಮ "ಯಾವತ್ತೂ ಉಸಿರು ಕಟ್ಟಬೇಡ" ಅಂತ ಇರೋದು ಇದಕ್ಕೇ.

ಹಾಗಾದರೆ ಸರಿಯಾದ ಸೀಸ ಎಷ್ಟು? ಆರಂಭದಲ್ಲಿ ನೆನಪಿಡಿ ಅಂದ ಅಂಕಿ ಈಗ ಬೇಕು. 150 ಬಾರ್ ಬಳಸಿದ ಮೇಲೆ ಸಿಲಿಂಡರ್ ಸುಮಾರು 2 ಕೆ.ಜಿ. ಹಗುರವಾಗಿರುತ್ತದೆ, ಖಾಲಿಯಾದ ಅಲ್ಯುಮಿನಿಯಂ ಸಿಲಿಂಡರಂತೂ ಕಡಲಲ್ಲಿ ತೇಲುತ್ತದೆ. ಆದ್ದರಿಂದ ಡೈವ್‌ನ ಕೊನೆಯಲ್ಲಿ, 50 ಬಾರ್ ಉಳಿದಾಗ, ಜಾಕೆಟ್ ಖಾಲಿ ಇಟ್ಟು 5 ಮೀಟರಿನಲ್ಲಿ ನಿಶ್ಚಲವಾಗಿ ನಿಲ್ಲುವಷ್ಟು ಸೀಸ ಸಾಕು. ಇನ್ನೊಂದು: ಸಿಹಿನೀರಿನ ಸಾಂದ್ರತೆ 1.000, ಕಡಲ ನೀರಿನದು 1.025ರಷ್ಟು. ಸಾಮಾನು ಸೇರಿ 100 ಲೀಟರ್ ನೀರು ಸರಿಸುವವನಿಗೆ ವ್ಯತ್ಯಾಸ 2.5 ಕೆ.ಜಿ. ಬೆಂಗಳೂರಿನ ಈಜುಕೊಳದಲ್ಲಿ ಕಲಿತ ಲೆಕ್ಕ ನೇತ್ರಾಣಿಯಲ್ಲಿ ಸರಿಹೋಗಲ್ಲ.

ಫ್ಲೋರಿಡಾದ ಗುಹೆಗಳು ಕಲಿಸಿದ್ದು

ಈ ಚೊಕ್ಕತನವನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ಅಮೆರಿಕದ ಫ್ಲೋರಿಡಾದ ಗುಹೆ ಡೈವರ್‌ಗಳು. ನೀರು ತುಂಬಿದ ಸುಣ್ಣಕಲ್ಲಿನ ಗುಹೆ. ತಲೆ ಮೇಲೆ ಬಂಡೆ. ತೊಂದರೆಯಾದರೆ ನೇರ ಮೇಲೆ ಬರುವಂತಿಲ್ಲ. ಅಲ್ಲಿ ತುಂಬಾ ಜನ ಸತ್ತರು. ಶೆಕ್ ಎಕ್ಸ್‌ಲಿ ಅನ್ನುವ ಡೈವರ್ 1979ರಲ್ಲಿ ಆ ಸಾವುಗಳನ್ನು ಒಂದೊಂದಾಗಿ ಬಿಡಿಸಿ, ಯಾವ ನಿಯಮ ಮುರಿದದ್ದರಿಂದ ಹೀಗಾಯ್ತು ಅಂತ ತೋರಿಸುವ ಪುಟ್ಟ ಪುಸ್ತಕ ಬರೆದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೇಲ್ಯೂರ್ ಅನಾಲಿಸಿಸ್.

ಅದೇ ಪರಂಪರೆಯಲ್ಲಿ ವಿಲಿಯಂ ಹೋಗಾರ್ತ್ ಮೇನ್ ಎಂಬ ಗುಹೆ ಡೈವರ್ ಬೇಡದ್ದನ್ನೆಲ್ಲ ಕಳಚುತ್ತಾ ಹೋದರು. ಅವರ ಹೆಸರಿನಿಂದಲೇ ಆ ಜೋಡಣೆಗೆ ಹೋಗಾರ್ಥಿಯನ್ ಅಂತ ಹೆಸರು. ಅದರ ಮೂರು ಉಪಾಯ ಕೇಳಿ, ಎಂಜಿನಿಯರಿಂಗ್ ತಲೆಗೆ ಖುಷಿ ಕೊಡುತ್ತವೆ.

ಒಂದು, ಬಾಯಲ್ಲಿರೋದನ್ನೇ ಕೊಡೋದು. ಗಾಳಿ ಮುಗಿದು ಗಾಬರಿಯಾದವನು ನಿಮ್ಮ ಹಳದಿ ಆಕ್ಟೋಪಸ್ ಹುಡುಕುತ್ತಾ ಕೂರಲ್ಲ. ಗುಳ್ಳೆ ಬರುತ್ತಿರುವ, ಕೆಲಸ ಮಾಡ್ತಿದೆ ಅಂತ ಕಣ್ಣಿಗೆ ಕಾಣುವ, ನಿಮ್ಮ ಬಾಯಲ್ಲಿರೋದನ್ನೇ ಕಿತ್ತುಕೊಳ್ಳುವ ಸಂಭವ ಹೆಚ್ಚು. ಹಾಗಿದ್ದ ಮೇಲೆ ಅದನ್ನೇ ಕೊಡುವಂತೆ ಜೋಡಿಸಿದರಾಯ್ತು: ಬಾಯಿಗೆ 7 ಅಡಿ ಉದ್ದದ ಪೈಪು, ಇನ್ನೊಂದು ರೆಗ್ಯುಲೇಟರ್ ಗಲ್ಲದ ಕೆಳಗೆ ಎಲಾಸ್ಟಿಕ್ ಹಾರದಲ್ಲಿ. ಬಾಯಲ್ಲಿರೋದನ್ನು ಕೊಟ್ಟ ಕ್ಷಣವೇ ಇದು ಬಾಯಿಗೆ. 7 ಅಡಿ ಯಾಕೆ? ಇಕ್ಕಟ್ಟಿನ ದಾರಿಯಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬರಬೇಕಲ್ಲ. ಮನುಷ್ಯ ಹೇಗೆ ವರ್ತಿಸಬೇಕು ಅನ್ನೋದರ ಮೇಲೆ ಅಲ್ಲ, ಹೇಗೆ ವರ್ತಿಸುತ್ತಾನೆ ಅನ್ನೋದರ ಮೇಲೆ ಮಾಡಿದ ವಿನ್ಯಾಸ.

ಎರಡು, ಲೋಹಕ್ಕೆ ಲೋಹ ಕಟ್ಟಬೇಡ. ಟಾರ್ಚನ್ನೋ ಮೀಟರನ್ನೋ ಕ್ಲಿಪ್ಪಿಗೆ ದಾರದಿಂದ ಕಟ್ಟುತ್ತಾರೆ. ಕ್ಲಿಪ್ಪು ಸಿಕ್ಕಿಹಾಕಿಕೊಂಡರೆ ದಾರ ಕತ್ತರಿಸಿ ಬಿಡಿಸಿಕೊಳ್ಳಬಹುದು. ಸರ್ಕ್ಯೂಟಿನಲ್ಲಿ ಫ್ಯೂಸ್ ಇಟ್ಟ ಹಾಗೆ.

ಮೂರು, ಜೀವಕ್ಕೆ ಬೇಕಾದ್ದು ಎರಡಿರಲಿ, ಬೇಡದ್ದು ಒಂದೂ ಬೇಡ. ಹೆಚ್ಚುವರಿ ಸಾಮಾನು ಅಂದ್ರೆ ಹೆಚ್ಚು ಭದ್ರತೆ ಅಂತ ನಮಗನ್ನಿಸುತ್ತದೆ. ಆದರೆ ಪ್ರತಿಯೊಂದು ಹೊಸ ಕ್ಲಿಪ್ಪೂ ಸಿಕ್ಕಿಕೊಳ್ಳುವ ಹೊಸ ಜಾಗ, ಪ್ರತಿಯೊಂದು ಹೊಸ ಪೈಪೂ ಸೋರುವ ಹೊಸ ಕೀಲು.

ನಮ್ಮ ಮಟ್ಟಿಗೆ ಏನು?

ನಾವು ಗುಹೆಗೆ ಹೋಗೋರಲ್ಲ. 7 ಅಡಿ ಪೈಪಿಗೆ ಬೇರೆ ತರಬೇತಿಯೇ ಬೇಕು. ಬಾಡಿಗೆ ಸಾಮಾನಿನಲ್ಲೂ ಆ ತತ್ವ ಪಾಲಿಸೋಕೆ ಅಡ್ಡಿ ಇಲ್ಲ.

ಆಕ್ಟೋಪಸ್ ಗಲ್ಲ ಮತ್ತು ಪಕ್ಕೆಲುಬಿನ ಕೆಳತುದಿಯ ನಡುವಿನ ತ್ರಿಕೋನದಲ್ಲಿ ಇರಲಿ. ಒಂದೇ ಎಳೆತಕ್ಕೆ ಬಿಟ್ಟುಕೊಳ್ಳುವ ಹಿಡಿಕೆಯಲ್ಲಿರಲಿ. ಜೇಬಿನಲ್ಲಿ ತುರುಕಬೇಡಿ, ಹಿಂದೆ ಜೋತಾಡಿಸಬೇಡಿ. ಜೋತಾಡುವ ಆಕ್ಟೋಪಸ್ ಮರಳು ತುಂಬಿಕೊಳ್ಳುತ್ತದೆ, ಬೇಕಾದಾಗ ಕೈಗೆ ಸಿಗಲ್ಲ. ಗಾಳಿ ಮುಗಿದವನ ಹತ್ತಿರ ಇರೋದು ಕೊನೆಯ ಒಂದು ಉಸಿರು. ಅವನ ಪಾಲಿಗೆ ಹುಡುಕಾಟದ ಒಂದೊಂದು ಸೆಕೆಂಡೂ ಲೆಕ್ಕಕ್ಕೆ.

ಅದರ ನಂತರದ ಲೆಕ್ಕವೂ ಬಿಗಿಯೇ. ಗಾಬರಿಯಲ್ಲಿ ಇಬ್ಬರೂ ನಿಮಿಷಕ್ಕೆ 30 ಲೀಟರ್ ಎಳೆಯುತ್ತಾರೆ ಅನ್ನಿ. 20 ಮೀಟರಿನಲ್ಲಿ ಸುಧಾರಿಸಿಕೊಳ್ಳಲು ಒಂದು ನಿಮಿಷಕ್ಕೆ 180 ಲೀಟರ್, ನಿಮಿಷಕ್ಕೆ 9 ಮೀಟರಿನಂತೆ ಮೇಲೇರಲು ಸುಮಾರು 270 ಲೀಟರ್. ಒಟ್ಟು 450 ಲೀಟರ್, ಅಂದ್ರೆ ಒಂದೇ ಸಿಲಿಂಡರಿನ 40 ಬಾರ್. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲೋದು ಸೇರಿಸಿದರೆ 60 ದಾಟುತ್ತದೆ. "50 ಬಾರ್ ಇದೆಯಲ್ಲ, ಇನ್ನೊಂದು ಫೋಟೋ" ಅನ್ನುವ ಮುಂಚೆ ಈ ಗುಣಾಕಾರ ನೆನಪಾಗಲಿ.

ಒತ್ತಡದ ಮೀಟರನ್ನು ಎಡಗಡೆ ಜಾಕೆಟ್ಟಿಗೆ ಕ್ಲಿಪ್ ಮಾಡಿ. ಸ್ನಾರ್ಕೆಲ್ ಬೇಕಿಲ್ಲದಿದ್ದರೆ ದೋಣಿಯಲ್ಲೇ ಇರಲಿ. ಪಟ್ಟಿಗಳ ಬಾಲಗಳನ್ನು ಮಡಚಿ ಒಳಗೆ ಸಿಕ್ಕಿಸಿ. ಸೀಸದ ಬೆಲ್ಟಿನ ಬಕಲ್ ಬಲಗೈಗೆ ಸಿಗುವಂತಿರಲಿ, ಅದರ ಮೇಲೆ ಬೇರೆ ಪಟ್ಟಿ ಹಾಯದಿರಲಿ. ಆಪತ್ತಿನಲ್ಲಿ ಮೊದಲು ಬಿಸಾಡಬೇಕಾದದ್ದು ಅದೇ. ಇಷ್ಟಾದರೆ ಹವಳಕ್ಕೂ ಒಳ್ಳೆಯದು. ಜೋತಾಡುವ ಮೀಟರ್ ಹವಳದ ಮೇಲೆ ಎಳೆದಾಡಿದರೆ, ಎಷ್ಟೋ ವರ್ಷ ಬೆಳೆದದ್ದು ಒಂದು ಕ್ಷಣದಲ್ಲಿ ಮುರಿಯುತ್ತದೆ.

ಒಬ್ಬರನ್ನೊಬ್ಬರು ನೋಡೋದು

ನೀರಿಗಿಳಿಯುವ ಮುನ್ನ ಜೋಡಿ ತಪಾಸಣೆ. ಐದೇ ಹೆಜ್ಜೆ: ಜಾಕೆಟ್ ಉಬ್ಬುತ್ತಾ, ಇಳಿಯುತ್ತಾ? ಸೀಸ ಇದೆಯಾ, ಸರಿಯಾಗಿದೆಯಾ? ಬಕಲ್‌ಗಳು ಎಲ್ಲೆಲ್ಲಿವೆ, ಹೇಗೆ ಬಿಚ್ಚೋದು? ಗಾಳಿ ಎಷ್ಟಿದೆ, ಎರಡೂ ರೆಗ್ಯುಲೇಟರ್‌ನಿಂದ ಉಸಿರು ಬರುತ್ತಾ, ಮುಳ್ಳು ಅಲುಗಾಡುತ್ತಾ? ಕೊನೆಗೆ ತಲೆಯಿಂದ ಕಾಲಿನವರೆಗೆ ಒಂದು ನೋಟ: ಮಾಸ್ಕ್, ಫಿನ್, ಜೋತಾಡೋದು ಏನಾದ್ರೂ ಇದೆಯಾ? ಹೆಬ್ಬೆರಳು ಮೇಲೆ ಮಾಡಿದರೆ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ. ಸರಿ ಇದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ. ಇದನ್ನೂ ಮೇಲೆಯೇ ಮಾತಾಡಿಕೊಳ್ಳಿ.

ವಾಪಸ್ ಬಂದ ಮೇಲೂ ಕೆಲಸ ಇದೆ. ಫಸ್ಟ್ ಸ್ಟೇಜಿನ ಧೂಳುಮುಚ್ಚಳ ಒಣಗಿಸಿ ಹಾಕಿದ ನಂತರವೇ ಸಿಹಿನೀರಲ್ಲಿ ತೊಳೆಯಬೇಕು. ನೀರಲ್ಲಿ ಮುಳುಗಿಸಿದಾಗ ರೆಗ್ಯುಲೇಟರಿನ ಗುಂಡಿ ಒತ್ತಿದರೆ ಪೈಪಿನೊಳಗೆ ನೀರು ಹೋಗುತ್ತದೆ. ಉಪ್ಪು ಒಣಗಿ ಹರಳುಗಟ್ಟಿದರೆ ಮುಂದಿನ ಸಲ ಬರುವವನ ವಾಲ್ವು ಕೈಕೊಡಬಹುದು. ಬಾಡಿಗೆ ಸಾಮಾನಿನಲ್ಲಿ ನಿಮಗೂ ಮುಂದಿನವನಿಗೂ ಇರುವ ಋಣ ಇಷ್ಟೇ.

ಇಂಟರ್ನಲ್ಸ್ ಹಿಂದಿನ ರಾತ್ರಿ ಪುಸ್ತಕ ತೆರೆಯುವ ನಮಗೆ ಯುದ್ಧಕಾಲೇ ಶಸ್ತ್ರಾಭ್ಯಾಸ ಹೊಸದಲ್ಲ, ಹೇಗೋ ಪಾಸೂ ಆಗ್ತೀವಿ. ಕಡಲಿನಲ್ಲಿ ಆ ಅಭ್ಯಾಸ ನಡೆಯಲ್ಲ. ಅಲ್ಲಿ ಸಪ್ಲಿಮೆಂಟರಿ ಇಲ್ಲ. ಬೇಕಾದದ್ದು ದೋಣಿಯ ಮೇಲೆ ಹತ್ತು ನಿಮಿಷ, ಮೀಟರಿನ ಮುಳ್ಳಿನ ಮೇಲೆ ಕಣ್ಣು, ಪಕ್ಕದವನ ಸಾಮಾನಿನ ಮೇಲೆ ಇನ್ನೊಂದು ಕಣ್ಣು. ಮುಂದಿನ ಸಲ ನೇತ್ರಾಣಿಗೆ ಹೋದಾಗ ತೊಡಿಸುವವರನ್ನು ಒಂದು ಪ್ರಶ್ನೆ ಕೇಳಿ: "ಅಣ್ಣಾ, ನನ್ನ ಜೊತೆಯವನಿಗೆ ಗಾಳಿ ಮುಗಿದ್ರೆ ನಾನು ಕೊಡಬೇಕಾದದ್ದು ಯಾವುದು, ಅದು ಈಗ ಎಲ್ಲಿದೆ?" ಉತ್ತರ ಬಂದ ಮೇಲೆ ಕಣ್ಣು ಮುಚ್ಚಿ ಅದನ್ನು ಒಂದು ಸಲ ಮುಟ್ಟಿ ನೋಡಿ. ಕೈಗೆ ಸಿಕ್ಕಿತಾ? ಹಾಗಾದ್ರೆ ಇಳಿಯಿರಿ.